ಬಿಟ್ಟ ಸ್ಥಳ

"ಬಿಟ್ಟ ಸ್ಥಳ ತುಂಬಿರಿ ಅಂದ್ರೆ ಗೈಡ್ ನೋಡ್ಕೊಂಡು ತುಂಬೋದಾ ಮೇಷ್ಟ್ರೇ? ಜೀವಮಾನವೆಲ್ಲ ಪಾಠ ಮಾಡಿದೋರು ನೀವು. ಈಗ ನೀವೇ ಮಗೂಗೆ ಕಾಪಿ ಹೊಡಿ ಅಂತ ಹೇಳ್ಕೊಡ್ತಿದ್ದೀರಲ್ಲ, ನಾಚಿಕೆ ಆಗೋದಿಲ್ವಾ?"

"ನೀನು ಹಂಡೆ ಬಾರಿಸಮ್ಮ. ಪಾಠ ನನಗೆ ಬಿಡು."

"ಹಂಡೆ ಅಂತೆ ಹಂಡೆ! ಆ ಹಂಡೆ ಒಂದು ಇಲ್ದೆ ಹೋಗಿದ್ರೆ ನಿಮ್ಮ ವಾದ್ಯವೃಂದ ಯಾವತ್ತೋ ದಾರಿ ತಪ್ಪಿ ಕೆರೆಗೆ ಬೀಳ್ತಿತ್ತು."

"ಬಿದ್ದಿದೆ! ಹೋದ ವರ್ಷ ಬಿದ್ದಿದೆ! ಮರೆತುಹೋಯ್ತಾ?"

ಮೇಷ್ಟ್ರು ಕೈಯಲ್ಲಿದ್ದ ಕೋಲಿನಿಂದ ಸ್ಟ್ಯಾಂಡಿಗೆ ಹೊಡೆದ ರಭಸಕ್ಕೆ ಅದರ ತುದಿ ಮುರಿದು ಹಾರಿ ಒಂದು ಸೋಫಾದ ಸಂದಿಯೊಳಗೆ ಬಿತ್ತು. ಯಾರೂ ನಗಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದರು.

ಸೋಫಾ ಯಾಕೆಂದರೆ, ನಮ್ಮ ಊರಿನ ವಾದ್ಯವೃಂದ ಅಭ್ಯಾಸ ಮಾಡುವುದು ಪೀಠೋಪಕರಣದ ಅಂಗಡಿಯ ಗೋದಾಮಿನಲ್ಲಿ. ಅಂಗಡಿಯ ಯಜಮಾನ ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ಬಾರಿಸುವ ದೊಡ್ಡ ಪಿಟೀಲು ಬಾರಿಸುತ್ತಾನೆ, ಅದಕ್ಕೇ ಜಾಗ ಪುಕ್ಕಟೆ. ಮಾರಾಟವಾಗದ ಕುರ್ಚಿ, ಸ್ಟೂಲು, ಸೋಫಾಗಳ ಮೇಲೆ ಸಿಕ್ಕಸಿಕ್ಕಲ್ಲಿ ಕೂರುತ್ತೇವೆ. ಒಳ್ಳೆಯ ವ್ಯಾಪಾರವಾದ ವಾರ ಒಂದಿಬ್ಬರು ನಿಂತೇ ಬಾರಿಸಬೇಕು. ಪ್ಲಾಸ್ಟಿಕ್ ಹೊದಿಕೆ ತೆಗೆಯಲು ಯಜಮಾನ ಬಿಡುವುದಿಲ್ಲ, ಹಾಗಾಗಿ ಸಂಗೀತ ಎಷ್ಟು ಮೆಲ್ಲಗಿದ್ದರೂ ಅದರ ಕೆಳಗೆ ಚರಚರ ಎನ್ನುವ ಸದ್ದೊಂದು ಇದ್ದೇ ಇರುತ್ತದೆ.

ನಮ್ಮಲ್ಲಿ ಸಂಗೀತದಿಂದ ಹೊಟ್ಟೆ ಹೊರೆಯುವವರು ಯಾರೂ ಇಲ್ಲ. ಮುಂದಿನ ಸಾಲಿನ ಮೊದಲ ಪಿಟೀಲು ಹಲ್ಲಿನ ಡಾಕ್ಟರದು. ಸುರುಳಿ ಸುತ್ತಿದ ಹಿತ್ತಾಳೆ ಕೊಂಬು ಊದುವವನು ಬಸ್ ಡ್ರೈವರ್, ಹಗಲೆಲ್ಲ ಹಾರ್ನ್ ಒತ್ತಿ ಸಾಲದೆ ಸಂಜೆ ಬಂದು ಊದುತ್ತಾನೆ. ನನ್ನದು ಲಾಂಡ್ರಿ. ಹಿಂದಿನ ಸಾಲಿನಲ್ಲಿ ಎರಡು ದೊಡ್ಡ ತಾಮ್ರದ ನಗಾರಿಗಳಿವೆ, ನೀರು ಕಾಯಿಸುವ ಹಂಡೆಗೆ ಚರ್ಮ ಬಿಗಿದ ಹಾಗೆ. ಅವು ನನ್ನವು. ನನ್ನನ್ನು ಎಲ್ಲರೂ ಗುಡುಗಮ್ಮ ಎನ್ನುತ್ತಾರೆ. ಹಂಡೆ ಬಾರಿಸುವುದಕ್ಕೆ ಬಂದ ಹೆಸರು ಎಂದು ನಾನು ಹೇಳುತ್ತೇನೆ, ಬಾಯಿಗೆ ಬಂದ ಹೆಸರು ಎಂದು ಉಳಿದವರು ಹೇಳುತ್ತಾರೆ. ಇಷ್ಟು ಜನರನ್ನು ಒಂದು ಕೋಲು ಹಿಡಿದು ಮೇಯಿಸುವವರು ಮೇಷ್ಟ್ರು. ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದವರು, ನಿವೃತ್ತಿಯ ದಿನ ಭೂಪಟದ ಕೋಲನ್ನು ಬಿಟ್ಟು ಮಾರನೆಯ ದಿನ ಈ ಕೋಲನ್ನು ಹಿಡಿದರು.

ಪ್ರತಿ ವರ್ಷ ಒಂದು ಸಲ ಪುರಭವನದಲ್ಲಿ ನಮ್ಮ ಕಛೇರಿ ನಡೆಯುತ್ತದೆ. ಊರಿನ ಎಳೆಯರನ್ನು ಮುಂದೆ ನಿಲ್ಲಿಸಿ, ಅವರ ಹಿಂದೆ ನಾವು ಕೂತು, ಹಳೆಯ ಕಾಲದ ಮಹಾ ಸಂಗೀತಗಾರರ ಕೃತಿಗಳನ್ನು ಬಾರಿಸುತ್ತೇವೆ. ಈ ವರ್ಷ ಕೊನೆಯಲ್ಲಿ ಪಿಟೀಲು ಹಿಡಿದು ನಿಲ್ಲಬೇಕಾಗಿದ್ದವಳು ನನ್ನ ಅಣ್ಣನ ಮಗಳು. ಸಣ್ಣಗೆ, ಕಪ್ಪಗೆ, ದುಂಡಗೆ ಹುಟ್ಟಿದ್ದಳು ಎಂದು ಸಾಸಿವೆ ಎಂದು ಕರೆದೆವು. ಸಿಡಿಯುವ ಗುಣವೂ ಇದೆಯೆಂದು ಆಮೇಲೆ ಗೊತ್ತಾಯಿತು. ಯಾರ ಕಡೆಯಿಂದ ಬಂತು ಎಂದು ಅತ್ತಿಗೆ ಕೇಳುವುದಿಲ್ಲ, ನನ್ನನ್ನು ನೋಡುತ್ತಾಳೆ ಅಷ್ಟೆ.

ಜಗಳ ಎದ್ದದ್ದು ಆ ಬಿಟ್ಟ ಸ್ಥಳದ ಮೇಲೆ. ಅವಳು ಬಾರಿಸಬೇಕಿದ್ದ ಕೃತಿಯ ಮೊದಲನೆಯ ಭಾಗ ಇನ್ನೇನು ಮುಗಿಯಬೇಕು ಎನ್ನುವಾಗ ನಾವೆಲ್ಲ ಗಪ್ಪನೆ ನಿಂತುಬಿಡುತ್ತೇವೆ. ಆಮೇಲೆ ಅವಳ ಪಿಟೀಲು ಒಂದೇ. ಅಲ್ಲಿ ಏನು ಬಾರಿಸಬೇಕೆಂದು ಕೃತಿ ಬರೆದ ಮಹಾನುಭಾವ ಬರೆದಿಲ್ಲ, ಬಾರಿಸುವವರ ಇಷ್ಟಕ್ಕೆ ಬಿಟ್ಟಿದ್ದಾನೆ. ಮೇಷ್ಟ್ರು ಅದಕ್ಕೆ ಬಿಟ್ಟ ಸ್ಥಳ ಎಂದು ಹೆಸರಿಟ್ಟರು. ಆಮೇಲಿನ ಕಾಲದ ಯಾರೋ ಅದನ್ನು ತುಂಬಿ ಅಚ್ಚು ಹಾಕಿಸಿದ್ದಾರೆ, ಈಗ ಎಲ್ಲರೂ ಅದನ್ನೇ ಬಾರಿಸುತ್ತಾರೆ. ಕೊನೆಯಲ್ಲಿ ಪಿಟೀಲು ಪಕ್ಕಪಕ್ಕದ ಎರಡು ಸ್ವರಗಳನ್ನು ಹಕ್ಕಿಯ ಗಂಟಲಿನ ಹಾಗೆ ಗಿರಿಗಿರಿ ನಡುಗಿಸುತ್ತದೆ. ಆ ನಡುಕವೇ ನಮಗೆ ಸೂಚನೆ. ಅದು ಕೇಳಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡಬೇಕು. ಡ್ರೈವರ್ ಅದಕ್ಕೆ 'ರೈಟ್' ಎಂದು ಹೆಸರಿಟ್ಟ. ಬಸ್ಸಿನ ಹಿಂದಿನಿಂದ ಕಂಡಕ್ಟರ್ ರೈಟ್ ಎಂದರೆ ಮುಂದೆ ಬಸ್ಸು ಹೊರಡುತ್ತದಲ್ಲ, ಹಾಗೆ.

ಸಾಸಿವೆ ಅಚ್ಚಿನದನ್ನು ಬಾರಿಸುವುದಿಲ್ಲ ಎಂದಳು. ತನ್ನದೇ ಒಂದನ್ನು ಕಟ್ಟಿಕೊಂಡು ಬಂದಿದ್ದಳು. ಚೆನ್ನಾಗಿತ್ತು. ತೊಂದರೆ ಏನೆಂದರೆ, ಅದರಲ್ಲಿ ರೈಟ್ ಮೂರು ಸಲ ಬರುತ್ತಿತ್ತು, ಮೊದಲಿನ ಎರಡು ಸುಳ್ಳು, ಕೊನೆಯದು ನಿಜ.

"ಮೂರು!" ಎಂದರು ಮೇಷ್ಟ್ರು. ಮುರಿದ ಕೋಲನ್ನೇ ಎತ್ತಿ ನಮ್ಮ ಕಡೆ ತೋರಿಸಿದರು. "ಇವರ ಮುಂದೆ ಮೂರು ಸಲ! ಕೂಸೇ, ಇವರನ್ನ ನೀನು ಬಲ್ಲೆಯಾ? ಮೊದಲನೇದಕ್ಕೇ ಗಂಟುಮೂಟೆ ಕಟ್ಕೊಂಡು ಹೊರಡ್ತಾರೆ ಇವರು. ಬೇಕರಿಯವರ ಮಗಳಿಗೆ ಏನಾಯ್ತು ನೋಡಿದೆಯಲ್ಲ."

ನೋಡಿದ್ದೆವು ಎಲ್ಲರೂ. ಹೋದ ವರ್ಷ ಬೇಕರಿಯವರ ಮಗಳು ಕೊಳಲು ಹಿಡಿದು ನಿಂತಿದ್ದಳು. ಅವಳ ಬಿಟ್ಟ ಸ್ಥಳದಲ್ಲಿ, ಅರ್ಧಕ್ಕೇ ಒಂದು ಸಣ್ಣ ನಡುಕ ಬಂತು. ಡ್ರೈವರ್ ಹೊರಟ. ಅವನ ಹಿಂದೆ ಇಡೀ ಮೆರವಣಿಗೆ ಹೊರಟಿತು. ಹುಡುಗಿ ಕೊಳಲನ್ನು ತುಟಿಯಿಂದ ತೆಗೆದು ನಮ್ಮನ್ನೇ ನೋಡುತ್ತಾ ನಿಂತಳು. ಕೊನೆಯವರೆಗೂ ಮತ್ತೆ ತುಟಿಗಿಡಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಇಟ್ಟಿಲ್ಲ. ಮೇಷ್ಟ್ರು ಅವರ ಮನೆಗೆ ಎಷ್ಟೋ ಸಲ ಹೋಗಿ ಬಂದರು. ಅವಳು ಬಾಗಿಲು ತೆಗೆದು, ಕೂರಿಸಿ, ಉಪಚಾರ ಮಾಡಿ, ಬೇರೆಲ್ಲ ಮಾತನಾಡಿ ಕಳಿಸಿದಳಂತೆ.

"ಅದೇ ಇವಳಿಗೂ ಆಗಬೇಕಾ?" ಎಂದರು ಮೇಷ್ಟ್ರು. ಧ್ವನಿ ಇಳಿದಿತ್ತು. "ಅಚ್ಚಿನದರಲ್ಲಿ ರೈಟ್ ಒಂದೇ ಸಲ. ಅಪಾಯ ಇಲ್ಲ. ಅದನ್ನ ಬಾರಿಸಲಿ."

ಸಾಸಿವೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು. "ಅದನ್ನೇ ಬಾರಿಸಬೇಕು ಅಂದ್ರೆ ನನಗಿಂತ ಚೆನ್ನಾಗಿ ಬಾರಿಸೋರ ರೆಕಾರ್ಡ್ ಇದೆ ಸರ್, ಅದನ್ನೇ ಹಾಕಿ. ಅವನು ಆ ಜಾಗ ಖಾಲಿ ಬಿಟ್ಟಿರೋದು ನಿಂತಿರೋರಿಗೋಸ್ಕರ. ಈ ವರ್ಷ ನಿಂತಿರೋಳು ನಾನು. ನಂದು ಬೇಡ ಅಂದ್ರೆ ನಾನೂ ಬೇಡ."

"ಕೇಳಿದ್ರಾ?" ಎಂದೆ ನಾನು. ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. "ತಪ್ಪು ಮಾಡೋರು ನಾವು, ಬಾಯಿ ಮುಚ್ಚಿಸೋದು ಅವಳದ್ದು. ಇದು ಯಾವ ನ್ಯಾಯ ಮೇಷ್ಟ್ರೇ? ನಮಗೆ ಕಾಯೋದನ್ನ ಕಲಿಸಿ."

"ಕಲಿಸಿ ಕಲಿಸಿ ಗಂಟಲು ಹರಿದುಹೋಗಿದೆ! ನಿಮಗೆಲ್ಲ ಹೊರಡೋಕೆ ಗೊತ್ತು, ನಿಲ್ಲೋಕೆ ಗೊತ್ತಿಲ್ಲ. ನನ್ನ ಕೋಲು ಕೆಳಗಿಳಿಯೋ ತನಕ ಒಂದು ದಿನ ಕಾದಿದ್ದೀರಾ? ಹೋಗಲಿ, ನನ್ನ ಕೋಲು ಇಳಿದ ಮೇಲೂ ಇನ್ನೂ ಸಮಯ ಆಗಿಲ್ಲ ಅಂತ ನೀವು ಕೈ ಕಟ್ಕೊಂಡು ಕೂತಿರೋ ದಿನ ಒಂದು ಬರಲಿ. ಬಂತೋ, ಅವತ್ತೇ ನನ್ನ ಕೆಲಸ ಮುಗೀತು ಅಂತ ಕೋಲು ಇಟ್ಟು ಮನೆಗೆ ಹೋಗ್ತೀನಿ."

ಈಗ ಎಲ್ಲರೂ ನಕ್ಕರು. ಅಂಥ ದಿನ ಬರುವುದೂ ಒಂದೇ, ಕೋಳಿಗೆ ಹಲ್ಲು ಬರುವುದೂ ಒಂದೇ. ಡ್ರೈವರ್ ಅಂತೂ, "ಹಾಗಾದ್ರೆ ಮೇಷ್ಟ್ರು ಇನ್ನು ನೂರು ವರ್ಷ ಗಟ್ಟಿ" ಎಂದ. ನಕ್ಕ ಮೇಲೆ ಮೇಷ್ಟ್ರಿಗೂ ಬಿಗುವು ಉಳಿಯಲಿಲ್ಲ.

ಕೊನೆಗೆ ಒಪ್ಪಂದವಾಯಿತು. ರೈಟ್ ಎನ್ನುವ ಮಾತನ್ನೇ ಮರೆಯಬೇಕು. ಆ ಜಾಗದಲ್ಲಿ ಮೊದಲ ಹೊಡೆತ ಹೇಗೂ ನನ್ನ ಹಂಡೆಯದು, ಆದ್ದರಿಂದ ಹಂಡೆ ಕೇಳುವ ತನಕ ಒಬ್ಬರೂ ಮಿಸುಕಬಾರದು. ಹಂಡೆ ಹೊಡೆಯುವುದು ಯಾವಾಗ? ಮೂರನೆಯ ನಡುಕಕ್ಕೆ ಮೇಷ್ಟ್ರು ಕೋಲು ಇಳಿಸಿದಾಗ.

"ಅಂದ್ರೆ ಎಲ್ಲಾ ಈ ಗುಡುಗಮ್ಮನ ಕೈಲಿ" ಎಂದರು ಹಲ್ಲಿನ ಡಾಕ್ಟರು. "ನಮ್ಮೆಲ್ಲರಿಗಿಂತ ತಾಳ್ಮೆ ಕಡಿಮೆ ಇರೋದು ಇವರಿಗೇ. ಹೋದ ತಿಂಗಳು ಹಲ್ಲಿಗೆ ಅರಿವಳಿಕೆ ಹತ್ತೋ ತನಕವೂ ಕೂರಲಿಲ್ಲ, ಕೀಳ್ರೀ ಅಂದ್ರು."

"ಕಿತ್ರಲ್ಲ?"

"ಕಿತ್ತೆ. ಬೈಗುಳಕ್ಕೆ ಕಿವಿ ಕೊಟ್ಕೊಂಡೇ ಕಿತ್ತೆ."

ಸೋಫಾದ ಸಂದಿಯಿಂದ ಕೋಲಿನ ತುದಿಯನ್ನು ನಾನೇ ಹುಡುಕಿ ತೆಗೆದೆ. ಲಾಂಡ್ರಿಗೆ ಒಯ್ದು ಗೋಂದು ಹಚ್ಚಿ, ಗುಂಡಿ ಹೊಲಿಯುವ ಕಪ್ಪು ದಾರವನ್ನು ಬಿಗಿಯಾಗಿ ಸುತ್ತಿ ಕೊಟ್ಟೆ. ಮೇಷ್ಟ್ರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಸೊಟ್ಟಗಿದೆ" ಎಂದರು. ಆದರೆ ಹೊಸದನ್ನು ತರಲಿಲ್ಲ.

ಅಭ್ಯಾಸ ಎಂದರೆ ಏನು ಅಭ್ಯಾಸ! ಸುಮ್ಮನೆ ಕೂರುವ ಅಭ್ಯಾಸ. ಸಾಸಿವೆ ಸೋಫಾಗಳ ನಡುವೆ ನಿಂತು ಬಾರಿಸುವಳು. ನಡುಕ ಬಂದ ಕೂಡಲೇ ಒಬ್ಬನ ಭುಜ ಏಳುವುದು, ಒಬ್ಬಳ ಕಮಾನು ತಂತಿಗೆ ತಗಲುವುದು, ಯಜಮಾನನ ಕುರ್ಚಿಯ ಪ್ಲಾಸ್ಟಿಕ್ ಚರ್ ಎನ್ನುವುದು. ಡ್ರೈವರ್‌ಗೆ ಪ್ರತಿ ಸಲವೂ ಎಡಗಾಲು ಎಗರುತ್ತಿತ್ತು.

"ನಾನೇನು ಮಾಡ್ಲಿ ಗುಡುಗಮ್ಮ? ರೈಟ್ ಅಂದ್ರೆ ಕಾಲು ತಾನೇ ಕ್ಲಚ್ ಬಿಡುತ್ತೆ. ತಲೆ ಬೇಡ ಅನ್ನುತ್ತೆ, ಕಾಲಿಗೆ ಕಿವಿ ಇಲ್ಲ."

"ಕಾಲಿಗೇ ಕಿವಿ ಇರೋದು ನಿನಗೆ. ತಲೆಗೇ ಇಲ್ಲ."

ಹಲ್ಲಿನ ಡಾಕ್ಟರು ಒಂದು ಉಪಾಯ ಹೇಳಿದರು. ಸೂಜಿ ಚುಚ್ಚುವಾಗ ರೋಗಿಗಳಿಗೆ ಕಾಲಿನ ಹೆಬ್ಬೆರಳು ಅಲ್ಲಾಡಿಸಿ ಎನ್ನುತ್ತಾರಂತೆ, ಗಮನ ಅಲ್ಲಿಗೆ ಹೋಗುತ್ತದಂತೆ. ಮುಂದಿನ ವಾರದಿಂದ ಇಡೀ ವಾದ್ಯವೃಂದ ಬೂಟು, ಚಪ್ಪಲಿಗಳ ಒಳಗೆ ಹೆಬ್ಬೆರಳು ಅಲ್ಲಾಡಿಸುತ್ತಾ ಕೂತಿತು. ನಗಬೇಡಿ. ಅದರಿಂದ ಉಪಯೋಗವಾಯಿತು.

ಉಳಿದ ದಿನಗಳಲ್ಲಿ ಸಾಸಿವೆ ನನ್ನ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಚಿಕ್ಕಂದಿನಿಂದಲೂ ಅಲ್ಲೇ. ಅಣ್ಣನದು ಬೀಗ ರಿಪೇರಿ ಅಂಗಡಿ, ಮನೆ ಅದರ ಮೇಲೆ. ಇಡೀ ದಿನ ಬೀಗದ ಕೈ ಕೊರೆಯುವ ಮೆಷಿನ್ನು ಕಿರ್ರೆನ್ನುತ್ತಿದ್ದರೆ ಪಿಟೀಲಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗದು ಎಂದು ನಾನೇ ಕರೆದುಕೊಂಡು ಬಂದೆ. ಹಿಂದಿನ ಕೋಣೆಯಲ್ಲಿ ಇಸ್ತ್ರಿಯಾದ ಕೋಟುಗಳು ಸಾಲಾಗಿ ತೂಗುಹಾಕಿರುತ್ತವೆ, ಊರಿನವರ ಕೋಟುಗಳು. ಅವುಗಳ ಕಡೆ ಮುಖ ಮಾಡಿ ನಿಂತು ಬಾರಿಸುವಳು. ಬಟ್ಟೆ ಸದ್ದು ನುಂಗುತ್ತದೆ, ಆದ್ದರಿಂದ ಗಟ್ಟಿಯಾಗಿ ಬಾರಿಸಬೇಕು. ಅವಳ ಕೈಯ ಬಲ ಬಂದದ್ದು ಅಲ್ಲಿಂದ. ನಾನು ಈಚೆ ಉಗಿ ಇಸ್ತ್ರಿ ಎಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಒಂದನ್ನು ಮುಗಿಸುವ ಮುಂಚೆ ಅವಳು ಯಾವಾಗಲೂ ಮೂಗಿನಿಂದ ಸುಂಯ್ ಎಂದು ಉಸಿರೆಳೆದುಕೊಳ್ಳುತ್ತಾಳೆ. ಸಣ್ಣವಳಿದ್ದಾಗ ನೆಗಡಿ ಎಂದುಕೊಂಡು ಕೈಗೆ ಕರವಸ್ತ್ರ ತುರುಕಿದ್ದೆ. "ಅತ್ತೇ, ಅದು ನೆಗಡಿ ಅಲ್ಲ, ಮನೆ ಬಂತು ಅಂತ" ಎಂದಿದ್ದಳು. ಆ ಸುಂಯ್ ಕೇಳಿದರೆ ಸಾಕು, ಇನ್ನು ಒಳಗೆ ಬಂದು ಹಾಲು ಕುಡಿಯುತ್ತಾಳೆ ಎಂದು ನಾನು ಲೋಟ ತೊಳೆಯುತ್ತಿದ್ದೆ.

ಕಛೇರಿಯ ಸಂಜೆ ಪುರಭವನ ತುಂಬಿತ್ತು. ಹಂಡೆಗಳ ಹಿಂದೆ ನಾನು ನಿಂತೇ ಇರುತ್ತೇನೆ, ಹಾಗಾಗಿ ನನಗೆ ಎಲ್ಲವೂ ಕಾಣುತ್ತದೆ. ಮುಂದಿನ ಸಾಲುಗಳಲ್ಲಿ ನನ್ನ ಕೋಟುಗಳೇ ಕೂತಿದ್ದವು, ಈ ಸಲ ಒಳಗೆ ಜನರನ್ನು ಇಟ್ಟುಕೊಂಡು. ಎರಡನೆಯ ಸಾಲಿನಲ್ಲಿ ಅಣ್ಣ, ಅತ್ತಿಗೆ. ಅಣ್ಣ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಉಗುರಿನ ಸಂದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗಿರಲಿಲ್ಲವಂತೆ. ಅವರ ಹಿಂದೆ, ವೇದಿಕೆಯ ಪಕ್ಕದ ಬಾಗಿಲಿನ ಹತ್ತಿರ, ಬೇಕರಿಯವರು. ಜೊತೆಯಲ್ಲಿ ಮಗಳು. ಅವಳು ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಮೇಷ್ಟ್ರು ವೇದಿಕೆಗೆ ಬಂದವರು ಅವಳನ್ನು ನೋಡಿ ಒಂದು ಕ್ಷಣ ನಿಂತು, ಆಮೇಲೆ ಸಭೆಗೆ ಬಾಗಿದರು.

ಮೊದಲು ಔಷಧಿ ಅಂಗಡಿಯವರ ಮಗ ಪಿಯಾನೋ ಬಾರಿಸಿದ. ಕಾಲು ಕೆಳಗಿನ ಪೆಡಲಿಗೆ ಎಟುಕದೆ, ಕುರ್ಚಿಯ ತುದಿಯಿಂದ ಇನ್ನೇನು ಜಾರುತ್ತಾನೆ ಎನ್ನುವ ಹಾಗೆ ಕೂತು ಬಾರಿಸಿದ. ಆದರೆ ಬೆರಳುಗಳೋ, ಗೋಲಿ ಚೆಲ್ಲಿದ ಹಾಗೆ! ಮುಗಿಸಿ ಬಾಗುವಾಗ ಸಭೆಗೆ ಬೆನ್ನು ಮಾಡಿ ನಮಗೆ ಬಾಗಿದ. ನಾವು ಕೂತಲ್ಲೇ ವಾಪಸ್ಸು ಬಾಗಿದೆವು. ಜನ ನಕ್ಕು ನಕ್ಕು ಚಪ್ಪಾಳೆ ಹೊಡೆದರು. ಆಮೇಲೆ ನಾವೇ ಒಂದು ಕೃತಿ ಬಾರಿಸಿದೆವು. ಎರಡು ಕಡೆ ಮೇಷ್ಟ್ರ ಕೋಲಿಗಿಂತ ಮುಂಚೆಯೇ ಹೊರಟೆವು. ಮೇಷ್ಟ್ರು ಡ್ರೈವರನ್ನು ಸುಡುವ ಹಾಗೆ ನೋಡಿದರು.

ಕೊನೆಗೆ ಸಾಸಿವೆ ಬಂದಳು. ಬಿಳಿ ಅಂಗಿ, ಕಪ್ಪು ಲಂಗ, ಇಸ್ತ್ರಿ ನನ್ನದು. ಒಂದು ಗೆರೆ ಸೊಟ್ಟಗಿದ್ದರೆ ಹೇಳಿ. ಅವಳು ಪಿಟೀಲನ್ನು ಗಲ್ಲದ ಕೆಳಗೆ ಇಟ್ಟುಕೊಂಡು, ಸಭೆಯಲ್ಲಿದ್ದ ಕೋಟುಗಳನ್ನು ಒಮ್ಮೆ ನೋಡಿ, ಹಳೆಯ ಪರಿಚಯದವರನ್ನು ಕಂಡ ಹಾಗೆ ನಕ್ಕಳು. ಮೇಷ್ಟ್ರು ಕೋಲು ಎತ್ತಿದರು.

ಮೊದಲನೆಯ ಭಾಗ ಹೇಗೆ ಸಾಗಿತು ಎಂದು ನನ್ನನ್ನು ಕೇಳಬೇಡಿ. ನನ್ನ ಗಮನವೆಲ್ಲ ಮುಂದಿನದರ ಮೇಲಿತ್ತು. ಅಂಗೈ ಬೆವರಿ ಹಂಡೆ ಬಾರಿಸುವ ಕೋಲುಗಳು ಜಾರುತ್ತಿದ್ದವು. ಸೆರಗಿಗೆ ಒರೆಸಿಕೊಂಡೆ. ಆ ಜಾಗ ಬಂತು. ಎಲ್ಲರೂ ಗಪ್ಪನೆ ನಿಂತೆವು. ಪಿಟೀಲು ಒಂದೇ ಉಳಿಯಿತು.

ಅವಳು ಮೆಲ್ಲಗೆ ಶುರು ಮಾಡಿದಳು. ದಾರಿಯಲ್ಲಿ ಏನೋ ಕಳೆದುಕೊಂಡು ಹುಡುಕುವವರ ಹಾಗೆ ಅಲ್ಲಿಷ್ಟು ಇಲ್ಲಿಷ್ಟು ತಡಕಾಡಿ, ಸಿಕ್ಕಿತು ಎನ್ನುವ ಹಾಗೆ ಮೇಲಕ್ಕೆ ಹತ್ತಿದಳು. ಹತ್ತಿದ ಕಡೆ ಮೊದಲನೆಯ ನಡುಕ. ಒಬ್ಬರೂ ಮಿಸುಕಲಿಲ್ಲ. ಪುರಭವನದ ಕುರ್ಚಿಗಳಿಗೆ ಪ್ಲಾಸ್ಟಿಕ್ ಇಲ್ಲ, ಚರ್ ಎನ್ನುವ ಸದ್ದೂ ಇಲ್ಲ. ನಡುಕ ನಿಂತು, ಕೆಳಗಿಳಿದು, ಕೆಳಗಿನ ದಪ್ಪ ತಂತಿಯ ಮೇಲೆ ಗೊಣಗಾಟ ಶುರುವಾಯಿತು. ಆ ಗೊಣಗಾಟ ನನಗೆ ಗೊತ್ತಿತ್ತು. ಅಭ್ಯಾಸದಲ್ಲಿ ಅದನ್ನು ಕೇಳಿದಾಗ ಇದೇನೇ ಎಂದಿದ್ದೆ. "ನೀವು ಗಿರಾಕಿ ಹೋದ ಮೇಲೆ ಬೈಕೊಳ್ಳೋದು ಅತ್ತೆ" ಎಂದಿದ್ದಳು, ತರಲೆ.

ಎರಡನೆಯ ನಡುಕ ಬಂತು. ಇದು ಜೋರು, ನಿಜದ್ದನ್ನು ಮೀರಿಸುವಂಥದ್ದು. ಡ್ರೈವರ್‌ನ ಕೊಂಬು ತುಟಿಯ ಕಡೆ ಏಳತೊಡಗಿತು. ಅರ್ಧಕ್ಕೆ ನಿಂತಿತು. ಅವನ ಕುತ್ತಿಗೆಯ ನರ ಬಿಗಿದಿತ್ತು, ಕಿವಿಯ ಹಿಂದೆ ಬೆವರು, ಕೆಳಗೆ ಬೂಟಿನ ತುದಿ ಪಟಪಟ ಅಲ್ಲಾಡುತ್ತಿತ್ತು. ಬಸ್ಸು ಹೊರಡಲಿಲ್ಲ. ಆ ಕ್ಷಣ ಅವನನ್ನು ಕಂಡರೆ ನನಗೆ ಎಷ್ಟು ಅಭಿಮಾನವಾಯಿತೆಂದರೆ, ಇಷ್ಟು ವರ್ಷ ಬೈದದ್ದೆಲ್ಲ ವಾಪಸ್ಸು ತೆಗೆದುಕೊಂಡೆ. ಮನಸ್ಸಿನಲ್ಲೇ. ಬಾಯಿಬಿಟ್ಟು ಹೇಳಿದರೆ ತಲೆಯ ಮೇಲೆ ಕೂರುತ್ತಾನೆ.

ಮೂರನೆಯದು ಬಂತು, ಕೊನೆಯದು. ಮೇಷ್ಟ್ರು ಬಲಗೈ ಎತ್ತಿದರು. ಕಪ್ಪು ದಾರ ಸುತ್ತಿದ ಕೋಲು ದೀಪದ ಬೆಳಕಿನಲ್ಲಿ ಮೇಲೆ ನಿಂತಿತು. ನಾನು ಕೈ ಎತ್ತಿದೆ. ಕೋಲು ಇಳಿಯಿತು.

ನಾನು ಹೊಡೆಯಲಿಲ್ಲ.

ಸುಂಯ್ ಕೇಳಿರಲಿಲ್ಲ. ನಡುಕ ಬಂದಿತ್ತು, ಮೂರು ಆಗಿತ್ತು, ಕೋಲೂ ಇಳಿದಿತ್ತು. ಆದರೆ ಹುಡುಗಿ ಮನೆಗೆ ಬಂದಿರಲಿಲ್ಲ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ನನ್ನ ಅಕ್ಕಪಕ್ಕ, ಮುಂದೆ ಇದ್ದವರೆಲ್ಲ ಹಂಡೆಗೆ ಕಾದರು. ಮೇಷ್ಟ್ರ ಕೋಲು ಸೊಂಟದ ಹತ್ತಿರ ಇಳಿದಿದೆ, ಇಡೀ ವಾದ್ಯವೃಂದ ಕಲ್ಲಿನ ಹಾಗೆ ಕೂತಿದೆ. ಒಂದು ಕಮಾನು ಅಲುಗಲಿಲ್ಲ. ಮೇಷ್ಟ್ರು ಕಣ್ಣು ಅಗಲಿಸಿ ನನ್ನನ್ನು ನೋಡಿದರು. ನಾನೂ ಅವರನ್ನೇ ನೋಡಿದೆ. ಕೆಟ್ಟೆನೇನೋ, ಇದೂ ಕೆರೆಗೆ ಬಿತ್ತೇನೋ ಎಂದುಕೊಂಡೆ.

ಆಗ ನಡುಕ ತಿರುಗಿತು. ನಿಲ್ಲಬೇಕಾದ ಕಡೆ ನಿಲ್ಲದೆ ಒಂದು ಮೆಟ್ಟಿಲು ಪಕ್ಕಕ್ಕೆ ಸರಿದು, ಅಲ್ಲಿಂದ ಬೇರೆಯೇ ಒಂದು ದಾರಿಗೆ ಬಿದ್ದಿತು. ಇದನ್ನು ಅವಳು ಗೋದಾಮಿನಲ್ಲಿ ಬಾರಿಸಿರಲಿಲ್ಲ, ಲಾಂಡ್ರಿಯಲ್ಲಿ ಬಾರಿಸಿರಲಿಲ್ಲ, ಎಲ್ಲೂ ಬಾರಿಸಿರಲಿಲ್ಲ. ಅಲ್ಲೇ ನಿಂತು, ನಮ್ಮೆಲ್ಲರ ಮುಂದೆ, ಆಗಲೇ ಕಟ್ಟುತ್ತಿದ್ದಳು. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ಬೇಕರಿಯವರ ಮಗಳು ಕುರ್ಚಿಯಲ್ಲಿ ಮುಂದಕ್ಕೆ ಸರಿದು, ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳ ಬೆರಳುಗಳು ಆ ಮರದ ಮೇಲೆ ಅಲ್ಲಾಡುತ್ತಿದ್ದವು, ಕೊಳಲಿನ ತೂತು ಮುಚ್ಚಿ ತೆಗೆಯುವ ಹಾಗೆ. ಮೇಷ್ಟ್ರು ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಕೈ ಕಟ್ಟಿಕೊಂಡು, ಕಣ್ಣು ಮುಚ್ಚಿದರು.

ಅವಳು ಎಷ್ಟು ಹೊತ್ತು ಬಾರಿಸಿದಳೋ ತಿಳಿಯದು. ಎತ್ತಿದ ನನ್ನ ತೋಳು ಮರಗಟ್ಟಿತು. ಇಳಿಸಲಿಲ್ಲ. ಕೊನೆಗೆ ನಾಲ್ಕನೆಯ ನಡುಕ ಬಂತು, ತೆಳ್ಳಗೆ, ನೀರಿನ ಮೇಲಿನ ಬೆಳಕಿನ ಹಾಗೆ. ಅದರ ಮಧ್ಯದಲ್ಲಿ, ಹಿಂದಿನ ಸಾಲಿನಲ್ಲಿದ್ದ ನನಗೂ ಕೇಳುವಷ್ಟು ಸ್ಪಷ್ಟವಾಗಿ, ಸುಂಯ್.

ಹೊಡೆದೆ. ಇಡೀ ವಾದ್ಯವೃಂದ ಒಂದೇ ಮೈಯ ಹಾಗೆ ಎದ್ದು ಬಂತು. ಇಷ್ಟು ವರ್ಷಗಳಲ್ಲಿ ನಾವು ಎಲ್ಲರೂ ಒಟ್ಟಿಗೆ ಹೊರಟದ್ದು ಅದೇ ಮೊದಲು. ಡ್ರೈವರ್‌ನ ಕೊಂಬು ಬಂಗಾರದ ಹಾಗೆ ಮೊಳಗಿತು. ಮೇಷ್ಟ್ರು ಕಂಕುಳಿನ ಕೋಲನ್ನು ತೆಗೆಯಲೇ ಇಲ್ಲ, ಬರಿಗೈಯಲ್ಲೇ ಆ ಭಾಗವನ್ನು ಮುಗಿಸಿದರು.

ಒಂದು ಭಾಗ ಮುಗಿದ ಮೇಲೆ ಚಪ್ಪಾಳೆ ತಟ್ಟಬಾರದು, ಪೂರ್ತಿ ಮುಗಿಯುವ ತನಕ ತಡೆದುಕೊಳ್ಳಬೇಕು ಎನ್ನುವುದು ಈ ಸಂಗೀತದ ರಿವಾಜು. ಅಣ್ಣನಿಗೆ ಅದನ್ನು ಮನೆಯಲ್ಲಿ ಸಾವಿರ ಸಲ ಹೇಳಿತ್ತು. ತೊಡೆಯ ಕೆಳಗಿನಿಂದ ಕೈ ತೆಗೆದು ಅವನೇ ಮೊದಲು ತಟ್ಟಿದ. ಇಡೀ ಸಭೆ ಅವನ ಹಿಂದೆ ತಟ್ಟಿತು. ಬೇರೆ ವರ್ಷ ಮೇಷ್ಟ್ರು ಅಂಗೈ ಎತ್ತಿ ಗದರುತ್ತಿದ್ದರು. ಈ ವರ್ಷ ಸುಮ್ಮನೆ ನಿಂತು ತಟ್ಟಲು ಬಿಟ್ಟರು.

ಉಳಿದ ಎರಡು ಭಾಗಗಳೂ ಮುಗಿದವು. ಜನ ಎದ್ದು ನಿಂತರು. ನನ್ನ ಅಣ್ಣ ಅಳುತ್ತಿದ್ದ, ಅತ್ತಿಗೆ ಅವನ ತೋಳು ಹಿಡಿದು ನಗುತ್ತಿದ್ದಳು. ಚಪ್ಪಾಳೆ ಬೀಳುವಷ್ಟು ಹೊತ್ತೂ ಮೇಷ್ಟ್ರೂ ಮುಂದೆ ನಿಂತು ಬಾರಿಸಿದವರೂ ಪಕ್ಕದ ಬಾಗಿಲಿನಿಂದ ಒಳಗೆ ಹೋಗುವುದು, ಮತ್ತೆ ಬಂದು ಬಾಗುವುದು, ಇದೂ ಒಂದು ರಿವಾಜು. ಅದರ ಕೊನೆಗೆ ಮೇಷ್ಟ್ರು ಕೋಲು ಎತ್ತುತ್ತಾರೆ, ನಾವು ಒಂದು ಪುಟ್ಟ ಕುಣಿತದ ತುಣುಕನ್ನು ಬಾರಿಸಿ ಜನರನ್ನು ಮನೆಗೆ ಕಳಿಸುತ್ತೇವೆ.

ಮೊದಲ ಸಲ ಹೋಗಿ ಬಂದರು. ಆ ಗದ್ದಲದಲ್ಲೇ ಸಾಸಿವೆ ಹಿಂದಕ್ಕೆ ಬಂದು ನನ್ನ ಕಿವಿಯ ಹತ್ತಿರ ಬಾಗಿದಳು.

"ಮೂರಕ್ಕೇ ಮುಗಿಸಬೇಕು ಅಂತಾನೇ ಇದ್ದೆ ಅತ್ತೆ. ಆದ್ರೆ ನೀವೆಲ್ಲ ಅಷ್ಟು ಚೆನ್ನಾಗಿ ಸುಮ್ಮನಿದ್ರಿ. ಅದನ್ನ ಬಿಟ್ಟು ಬರೋಕೆ ಮನಸ್ಸೇ ಆಗಲಿಲ್ಲ."

"ನನ್ನ ತೋಳು ಬಿದ್ದುಹೋಯ್ತು, ತಲೆಹರಟೆ" ಎಂದೆ. ಬೇರೇನು ಹೇಳಲಿ? ಅವಳ ಅಂಗಿಯ ಕಾಲರು ಸರಿಮಾಡಿ ಮುಂದಕ್ಕೆ ತಳ್ಳಿದೆ.

ಎರಡನೆಯ ಸಲ ಒಳಗೆ ಹೋಗುವಾಗ ಮೇಷ್ಟ್ರು ಮುಂದಿನ ದಾರಿ ಬಿಟ್ಟು ಹಿಂದಿನ ಸಾಲನ್ನು ಬಳಸಿಕೊಂಡು ಬಂದರು. ಹಂಡೆಯ ಮುಂದೆ ನಿಂತರು.

"ನಾನು ಕೋಲು ಇಳಿಸಿದ್ದು ಕಾಣಲಿಲ್ವಾ?"

"ಕಾಣಿಸ್ತು."

"ಮತ್ತೆ?"

"ಅವಳು ಮುಗಿಸಿರಲಿಲ್ಲ ಮೇಷ್ಟ್ರೇ."

"ಹ್ಞೂಂ" ಎಂದರು. ಇನ್ನು ಬೈಗುಳ ಬರುತ್ತದೆ ಎಂದು ನಾನು ಸೊಂಟಕ್ಕೆ ಕೈ ಕೊಟ್ಟು ತಯಾರಾದೆ. ಬರಲಿಲ್ಲ. ಮುಖದ ತುಂಬಾ ಏನೋ ಇತ್ತು. ತನ್ನ ಕ್ಲಾಸಿನ ಕೊನೆಯ ಬೆಂಚೆಲ್ಲ ಪಾಸಾದದ್ದನ್ನು ನೋಟೀಸು ಬೋರ್ಡಿನಲ್ಲಿ ನೋಡಿದ ಮೇಷ್ಟ್ರ ಮುಖ ಅದು. ದಾರ ಸುತ್ತಿದ ಕೋಲನ್ನು ಹಂಡೆಯ ಚರ್ಮದ ಮೇಲೆ 'ಟುಂ' ಎಂದೂ ಅನ್ನದ ಹಾಗೆ ಮೆಲ್ಲಗೆ ಇಟ್ಟರು.

"ಸೊಟ್ಟಗಿದ್ರೂ ಗಟ್ಟಿಯಾಗಿ ಕಟ್ಟಿದ್ದೀಯ" ಎಂದರು. ಪಕ್ಕದ ಬಾಗಿಲಿನ ಕಡೆ ನಡೆದರು. ಬಾಗಿಲಿನ ಹತ್ತಿರ ಬೇಕರಿಯವರ ಮಗಳು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಅವಳಿಗೆ ಏನೋ ಹೇಳಿದರು, ಅವಳು ತಟ್ಟುವುದನ್ನು ನಿಲ್ಲಿಸಿ ತಲೆ ಅಲ್ಲಾಡಿಸಿದಳು. ಹೌದು ಎಂದೋ ಇಲ್ಲ ಎಂದೋ ನನಗೆ ಅಷ್ಟು ದೂರದಿಂದ ತಿಳಿಯಲಿಲ್ಲ. ಮೇಷ್ಟ್ರು ಬಾಗಿಲು ದಾಟಿ ಹೋದರು.

ಸಾಸಿವೆ ಒಬ್ಬಳೇ ವಾಪಸ್ಸು ಬಂದು ಬಾಗಿದಳು. ಚಪ್ಪಾಳೆ ಇನ್ನೂ ಜೋರಾಯಿತು. ಕೊನೆಯ ತುಣುಕಿಗೆ ಎಲ್ಲರೂ ಹಾಳೆ ತಿರುಗಿಸಿ ವಾದ್ಯ ಎತ್ತಿ ಹಿಡಿದು ಕೂತರು. ಮೇಷ್ಟ್ರು ನಿಲ್ಲುವ ಮರದ ಪೀಠ ಖಾಲಿ ಇತ್ತು. ಸಾಸಿವೆ ಆ ಪೀಠವನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. ಜನ ತಟ್ಟಿ ತಟ್ಟಿ, ಏನೋ ಬರಲಿದೆ ಎಂದು ಕೂತು, ಮೆಲ್ಲಗೆ ಸುಮ್ಮನಾದರು.

"ಗುಡುಗಮ್ಮ" ಎಂದು ಡ್ರೈವರ್ ಹಿಂದಕ್ಕೆ ತಿರುಗದೆ ಪಿಸುಗುಟ್ಟಿದ. "ಅವತ್ತು ಗೋದಾಮಲ್ಲಿ ಮೇಷ್ಟ್ರು ಒಂದು ಮಾತು ಹೇಳಿದ್ರಲ್ಲ. ಕೋಲು ಇಳಿದ ಮೇಲೂ ಕಾಯೋ ದಿನ..."

"ಬಾಯಿ ಮುಚ್ಚು. ಬರ್ತಾರೆ."

ಹಲ್ಲಿನ ಡಾಕ್ಟರು ತಿರುಗಿ ಹಂಡೆಯ ಮೇಲಿದ್ದ ಕೋಲನ್ನು ನೋಡಿದರು. ಯಜಮಾನ ನೋಡಿದ. ಒಬ್ಬೊಬ್ಬರಾಗಿ ಎಲ್ಲರೂ ನೋಡಿ ಮತ್ತೆ ಮುಂದಕ್ಕೆ ತಿರುಗಿದರು. ಬೇಕೆಂದಿದ್ದರೆ ನಾನೇ ಆ ಕೋಲು ಎತ್ತಿ ಒಂದು ಹೊಡೆತ ಹೊಡೆದು ಶುರು ಮಾಡಿಸಬಹುದಿತ್ತು. ತುಣುಕು ಎಲ್ಲರಿಗೂ ಬಾಯಿಪಾಠ. ಹೊಡೆಯಲಿಲ್ಲ. ಯಾರೂ ಹೊರಡಲಿಲ್ಲ. ಕಮಾನುಗಳು ತಂತಿಯ ಮೇಲೆ, ಕೊಂಬು ತುಟಿಯ ಹತ್ತಿರ, ಎಲ್ಲರ ಬೆನ್ನೂ ನೆಟ್ಟಗೆ. ನಮ್ಮನ್ನು ಅವರು ನೋಡಬೇಕಿತ್ತು.

ಪಕ್ಕದ ಬಾಗಿಲು ಒಂದು ಸಲ ಅಲುಗಿತು. ಎಲ್ಲರೂ ಉಸಿರು ಹಿಡಿದೆವು. ಗಾಳಿ. ಮೇಷ್ಟ್ರು ಬರಲಿಲ್ಲ.